ಸುಳಿಗೊಂದು ಚಿಟಿಕೆ ಬೂದಿ

ಶಾಗ್ಯದ ಚಿಕ್ಕಮಾದಪ್ಪನ ಮುಸುಕಿನ ಜೋಳಕ್ಕೆ ಹುಳು ಬಿದ್ದಿತ್ತು.

ಆ ವರ್ಷ ಹನೂರು ಸೀಮೆಯಲ್ಲಿ ಹುಳು ಬೀಳದ ಜೋಳವೇ ಕಡಿಮೆ. ಆದರೂ ಚಿಕ್ಕಮಾದಪ್ಪನಿಗೆ ತನ್ನ ಮುಕ್ಕಾಲು ಎಕರೆಯ ಸಂಕಟವೇ ಬೇರೆ. ಅಲ್ಲಿನ ಒಂದೊಂದು ಕಾಳನ್ನೂ ಅವನ ಹೆಂಡತಿ ರಂಗಮ್ಮ ತನ್ನ ಕೈಯಿಂದ ಹಾಕಿದ್ದಳು. ಹದ ಮಳೆ ಬಿದ್ದ ಮಾರನೆಯ ದಿನ ಅವನು ಸಾಲು ಹೊಡೆಯುತ್ತ ಮುಂದೆ ನಡೆದ. ಅವಳು ಮಡಿಲಿನಲ್ಲಿ ಬೀಜ ಕಟ್ಟಿಕೊಂಡು ಹಿಂದೆ ಬಂದಳು. ಬಿತ್ತಿ ಮುಗಿಸಿ ಬದುವಿನ ಮೇಲೆ ಕುಳಿತು ನೀರು ಕುಡಿಯುವಾಗ, "ಈ ಸಲ ಮೊದಲ್ನೆ ತೆನೆಯ ನಾವಿಬ್ರೂ ಓಗಿ ಬೆಟ್ಟದ ಮಾದಪ್ಪನ ಪಾದಕ್ಕ ಒಪ್ಸ್ಬುಟ್ಟು ಬರಮ" ಎಂದಿದ್ದಳು. ಪೈರು ನೆಲ ಬಿಟ್ಟು ಏಳುವ ಹೊತ್ತಿಗೆ ಅವಳಿಗೆ ಎದೆನೋವು ಬಂತು. ಕೊಳ್ಳೇಗಾಲದ ಆಸ್ಪತ್ರೆಯಿಂದ ಅವಳು ಜೀವಂತವಾಗಿ ಮರಳಲಿಲ್ಲ.

"ಮಾದಪ್ಪ ಕರ್ಸ್ಕಂಡ" ಎಂದು ಊರವರು ಸಮಾಧಾನ ಹೇಳಿದರು. ಬೆಟ್ಟದ ಆ ದೇವರ ಹೆಸರನ್ನೇ ಹೊತ್ತ ಚಿಕ್ಕಮಾದಪ್ಪನೂ ಹಾಗೆಯೇ ನಂಬಿದ. ತಿಥಿ ಕಳೆದ ಮೇಲೆ ಮಾತ್ರ ಅವನು ಮನೆಯಲ್ಲಿ ಕುಳಿತದ್ದು ಅಪರೂಪ. ಬೆಳಗಾದರೆ ಹೊಲ, ಹೊತ್ತು ಮುಳುಗಿದರೆ ಮನೆ. ಆ ಸಾಲುಗಳ ನಡುವೆ ನಡೆದರೆ ಅವಳು ಇನ್ನೂ ಹಿಂದೆಯೇ ಬರುತ್ತಿದ್ದಾಳೆ ಎನ್ನಿಸುತ್ತಿತ್ತು.

ಪೈರು ಮೊಣಕಾಲುದ್ದ ಬಂದಾಗ ಎಳೆಯ ಎಲೆಗಳಲ್ಲಿ ತೂತುಗಳು ಕಂಡವು. ಸುಳಿ ಬಿಡಿಸಿ ನೋಡಿದರೆ ಒಳಗೆಲ್ಲ ಮರದ ಪುಡಿಯಂಥ ಹಸಿ ಲದ್ದಿ. ಅದರ ಅಡಿಯಲ್ಲಿ ಬೆಚ್ಚಗೆ ಮಲಗಿದ ಹುಳು. ಅಂಗಡಿಯೊಂದರಿಂದ ಔಷಧಿ ತಂದು ಉರಿಬಿಸಿಲಿನಲ್ಲಿ ಹೊಡೆದ. ಔಷಧಿ ಎಲೆಯ ಮೇಲೆ ಒಣಗಿತು, ಹುಳು ಸುಳಿಯೊಳಗೆ ತಿನ್ನುತ್ತಲೇ ಇತ್ತು.

ಅವನ ತಮ್ಮನ ಮಗ ನಟರಾಜು ಬಾಡಿಗೆ ಟ್ರ್ಯಾಕ್ಟರ್ ಓಡಿಸುತ್ತಿದ್ದ. ಒಂದು ಬೆಳಿಗ್ಗೆ ಬದುವಿನ ಮೇಲೆ ನಿಂತು ಹೇಳಿದ:

"ದೊಡ್ಡಪ್ಪ, ಇನ್ನೇನ ನೋಡ್ತಾ ಕುಂತಿದ್ದೈ? ಸುಳಿನೆಲ್ಲ ತಿಂದಾಕದ. ಒಂದ್ಸಲ ಟ್ರಾಕ್ಟ್ರು ಒಡ್ದು ಉರುಳಿ ಕಾಳ ಚೆಲ್ಬುಡಮ. ಉರುಳಿ ಬಿತ್ತಕ್ಕ ಇನ್ನೂ ಹೊತ್ತದ."

"ನಿನ್ ದೊಡ್ಡವ್ವ ಆಕಿದ್ ಕಾಳು ಕಣ್ಲಾ ಅದು."

"ದೊಡ್ಡವ್ವ ಆಕಿದ್ದು ದಿಟವೆ. ಆ ಹುಳಕ್ಕ ಗೊತ್ತಾ ಅದು?"

ನಟರಾಜು ಕೆಟ್ಟವನಲ್ಲ, ಕಂಡದ್ದನ್ನು ಹೇಳಿದ್ದ. "ಮುಂದಿನ್ ಸ್ವಾಮಾರ ಕಳೀಲಿ, ಮಂಗಳಾರ ಬಾ" ಎಂದು ಮುದುಕ ತಲೆ ತಗ್ಗಿಸಿಕೊಂಡು ಹೇಳಿದ. ಸೋಮವಾರ ಅವರ ಮನೆತನದಲ್ಲಿ ಯಾರೂ ನೆಲಕ್ಕೆ ನೇಗಿಲು ಮುಟ್ಟಿಸಿದವರಲ್ಲ. ಅದು ಮಾದಪ್ಪನ ವಾರ.

ಈ ಸುದ್ದಿ ಸೊಸೆ ದೀಪಳಿಗೆ ಸಹಿಸಲಾಗಲಿಲ್ಲ. ಅವಳು ಹಿಂದಿನ ಬೀದಿಯ ಪದ್ಮಿನಿಯನ್ನು ಕರೆದುಕೊಂಡು ಬಂದಳು. ಪದ್ಮಿನಿ ಊರಿನ ಕೃಷಿ ಸಖಿ, ರೈತರಿಗೆ ಬೇಸಾಯದ ತಿಳಿವಳಿಕೆ ತಲುಪಿಸುವ ಕೆಲಸದವಳು. ಮಹಿಳಾ ಸಂಘದಲ್ಲಿ ರಂಗಮ್ಮನ ಪಕ್ಕದಲ್ಲೇ ಕೂರುತ್ತಿದ್ದವಳು. ಅವಳು ಒಂದು ಹುಳುವನ್ನು ಅಂಗೈ ಮೇಲೆ ಇಟ್ಟುಕೊಂಡು ಫೋನಿನಲ್ಲಿ ಚಿತ್ರ ತೆಗೆದಳು.

"ತಲೆ ಮೇಲೆ ನೋಡಿ ದೊಡ್ಡಪ್ಪ. ಕವೆಗೋಲ ತಲೆಕೆಳಗೆ ಇಟ್ಟಂಗೆ ಒಂದ್ ಬಿಳಿ ಗೀಟು ಅದೆ. ಇದು ಲದ್ದಿ ಹುಳ. ನಮ್ಮ ಸೀಮೇದಲ್ಲ ಇದು. ಅಮೇರಿಕದ ಕಡೇದು. ಅಲ್ಲಿಂದ ಆಫ್ರಿಕಾಕ್ಕೆ ಹೋಯ್ತು, ಆಮೇಲೆ ನಮ್ಮ ಕಡೆಗೂ ಬಂತು. ನಮಗಿಂತ ಮೊದ್ಲೇ ಆಫ್ರಿಕಾದ ರೈತ್ರು ಇದ್ರ ಕೂಡ ಗುದ್ದಾಡವ್ರೆ. ಅವ್ರನ್ನೇ ಕೇಳ್ಮ."

"ಯಾರ್ನ ಕೇಳಿಯೆ? ಬಸ್ ಅತ್ಕಂಡು ಓಗಿಯಾ?"

"ಫೋನಲ್ಲೇ. ಯಳಂದೂರಲ್ಲಿ ನಮಗೆ ಟ್ರೈನಿಂಗ್ ಆದಾಗ ಒಂದ್ ಗ್ರೂಪಿಗೆ ಸೇರ್ಸುದ್ರು. ಜೋಳ ಬೆಳೆಯೋರು ಎಲ್ಲಾ ದೇಶದೋರೂ ಅವ್ರೆ ಅದ್ರಲ್ಲಿ."

ಚಿಕ್ಕಮಾದಪ್ಪ ನಕ್ಕುಬಿಟ್ಟ. ಹೆಂಡತಿ ಹೋದ ಮೇಲೆ ಅವನು ನಕ್ಕದ್ದು ಅದೇ ಮೊದಲು. ಅದೂ ಹಂಗಿಸುವ ನಗೆ.

"ಅಲ್ಲ ಕೂಸೆ, ಇಲ್ಲೇ ಇರಾ ಅಂಗ್ಡಿಯವ್ನು ಕೊಟ್ ಔಸ್ದಿಯೇ ನಾಟ್ನಿಲ್ಲ. ಸಮುದ್ರದಾಚೆ ಕುಂತಿರೋರು ನಮ್ಮ ಶಾಗ್ಯವ ಕಂಡವ್ರಾ? ನಮ್ಮ ಮಣ್ಣ ಕಂಡವ್ರಾ?"

"ಅವ್ರು ಶಾಗ್ಯ ಕಾಣೋದ್ ಬ್ಯಾಡ ದೊಡ್ಡಪ್ಪ. ಹುಳ ಕಂಡಿದ್ರೆ ಸಾಕು."

ದೀಪ ನಡುವೆ ಬಾಯಿ ಹಾಕಿದಳು. "ಪದ್ಮಿನಕ್ಕ, ಆಮೇಲೆ ದುಡ್ಡು ಕಳ್ಸಿ, ನಂಬರ್ ಏಳಿ ಅಂತ ಕೇಳಾರಾ? ನಮ್ಮ ಯಜಮಾನ್ರು ಬಸ್ಸಲ್ಲಿ ದಿನಾ ಅಂಥಾ ಕತೆಯ ಕೇಳ್ಕಂಡ್ ಬತ್ತಾರೆ." ಅವಳ ಗಂಡ ಮಣಿಕಂಠ ಬಸ್ ಕಂಡಕ್ಟರ್.

"ಒಬ್ಬ ಕೇಳಿದ್ದ, 'ಮಾಯದ ಔಷ್ದಿ ಕಳಿಸ್ತೀನಿ, ಮುಂಗಡ ಹಾಕಿ' ಅಂತ. ಅವತ್ತೇ ಗ್ರೂಪಿಂದ ಆಚೆ ಹಾಕುದ್ರು. ದುಡ್ಡು, ಓಟಿಪಿ ಕೇಳ್ದೋನು ರೈತನಾಗಿರಾಕಿಲ್ಲ ಕಣವ್ವ. ಇಲ್ಲಿ ಅನುಭವ ಕೊಡೋದು, ಅನುಭವ ತಕ್ಕಳೋದು. ಅಷ್ಟೇ."

ಪದ್ಮಿನಿ ಹುಳುವಿನ ಚಿತ್ರ, ಸುಳಿಯ ಚಿತ್ರ ಕಳುಹಿಸಿದಳು. ಜೊತೆಗೆ ಕನ್ನಡದಲ್ಲೇ ನಾಲ್ಕು ಮಾತು ಆಡಿದಳು. ಫೋನು ಅದನ್ನು ಇಂಗ್ಲಿಷಿಗೆ ತಿರುಗಿಸಿ ಕಳುಹಿಸಿತು. ಮಧ್ಯಾಹ್ನದ ಊಟದ ಹೊತ್ತಿಗೆ ಜಾಂಬಿಯಾ ದೇಶದ ಮರ್ಸಿ ಎಂಬ ರೈತ ಹೆಂಗಸಿನಿಂದ ಉತ್ತರ ಬಂತು. ಚಿತ್ರದಲ್ಲಿ ತಲೆಗೆ ಹೂವಿನ ಬಟ್ಟೆ ಕಟ್ಟಿದ ದಪ್ಪ ಹೆಂಗಸು. ಅವಳ ಅಂಗೈ ಮೇಲೂ ಒಂದು ಹುಳು. ಅದರ ತಲೆಯ ಮೇಲೂ ಅದೇ ಕವೆಗೋಲು. ಅವಳ ಮಾತನ್ನು ಫೋನು ಕನ್ನಡದಲ್ಲಿ ಓದಿತು:

"ನಮಸ್ಕಾರ ಹಿರಿಯರೇ. ಈ ಹುಳು ನನ್ನ ಒಂದು ಇಡೀ ಬೆಳೆಯನ್ನು ತಿಂದಿದೆ. ಆಮೇಲೆ ನಾವು ಕಲಿತೆವು. ಒಣ ಬೂದಿ ಮತ್ತು ನುಣುಪಾದ ಮರಳನ್ನು ಬೆರೆಸಿ ಹಾಕಿರಿ. ಹುಳು ಸಣ್ಣದಿರುವಾಗ ಇದು ಕೆಲಸ ಮಾಡುತ್ತದೆ. ಎಲೆಯ ಮೇಲೆ ಮೊಟ್ಟೆಯ ಗುಂಪು ಕಂಡರೆ ಉಜ್ಜಿ ಕೊಲ್ಲಿರಿ. ದೊಡ್ಡ ಹುಳುಗಳನ್ನು ಕೈಯಿಂದ ಆರಿಸಿರಿ."

"ಇದೇನವ್ವ, ಅರಿಕತೆ ದಾಸಯ್ಯನಂಗ ಮಾತಾಡ್ತಳ!" ಎಂದ ಚಿಕ್ಕಮಾದಪ್ಪ.

"ಅದು ಫೋನಿನ ಮಾತು. ಅವಳು ಅವಳ ಭಾಷೇಲಿ ನಿಮ್ಮಂಗೇ ಮಾತಾಡಾದು."

ಪದ್ಮಿನಿ ಅಷ್ಟಕ್ಕೇ ಬಿಡಲಿಲ್ಲ. ಹನೂರಿನ ರೈತ ಸಂಪರ್ಕ ಕೇಂದ್ರಕ್ಕೂ ಫೋನು ಮಾಡಿದಳು. ಅಲ್ಲಿನ ಅಧಿಕಾರಿ ಚಿತ್ರ ನೋಡಿ, "ಪೈರು ಇನ್ನೂ ಚಿಕ್ಕದಿದೆ, ಮಾಡಿ ನೋಡಲಿ. ಹತೋಟಿಗೆ ಬರದಿದ್ದರೆ ಯಾವ ಔಷಧಿ, ಎಷ್ಟು, ಯಾವ ಹೊತ್ತಿಗೆ ಎಂದು ನಾನೇ ಬಂದು ಹೇಳುತ್ತೇನೆ" ಎಂದರು.

ಇಷ್ಟಾದ ಮೇಲೂ ಚಿಕ್ಕಮಾದಪ್ಪನ ಮನಸ್ಸಿಗೆ ಹಿಡಿದದ್ದು ಬೂದಿ ಎಂಬ ಒಂದೇ ಮಾತು. ಬೂದಿ ಎಂದರೆ ಅವನಿಗೆ ಗೊತ್ತಿಲ್ಲವೇ? ಮನೆಯ ದೇವರ ಗೂಡಿನಲ್ಲಿ ಬೆಟ್ಟದಿಂದ ತಂದ ಮಾದಪ್ಪನ ಧೂಳ್ತ ಯಾವಾಗಲೂ ಇರುತ್ತಿತ್ತು. ಮಗುವಿಗೆ ಜ್ವರ ಬಂದರೆ ಹಣೆಗೆ, ಹಸು ಹಾಲು ಕೊಡದಿದ್ದರೆ ಅದರ ಬೆನ್ನಿಗೆ ಆ ಪವಿತ್ರ ಬೂದಿಯನ್ನೇ ಹಚ್ಚುತ್ತಿದ್ದರು. ಮಾರನೆಯ ದಿನ ತಲೆಗೆ ಸ್ನಾನ ಮಾಡಿ, ಒಲೆ ಬೂದಿಗೆ ಆ ಧೂಳ್ತ ಬೆರೆಸಿ, ಯಾರಿಗೂ ಹೇಳದೆ ಹೊಲಕ್ಕೆ ಹೋದ. ಬೆಟ್ಟದ ಕಡೆಗೆ ಮುಖ ಮಾಡಿ, ಹೊಲದ ನಾಲ್ಕು ಮೂಲೆಯಲ್ಲೂ ನಿಂತು, "ಉಘೇ ಮಾದಪ್ಪ!" ಎಂದು ಕೂಗುತ್ತ ಪೈರಿನ ಮೇಲೆ ಬೂದಿ ಎರಚಿದ. ಧೂಳ್ತ ಹಾಕುವುದು ಹಾಗೆಯೇ. ಅವನಪ್ಪನೂ ಹಾಗೆಯೇ ಹಾಕುತ್ತಿದ್ದ.

ವಾರವಾಗುತ್ತ ಬಂದರೂ ಹುಳು ಕಡಿಮೆಯಾಗಲಿಲ್ಲ. ಸೋಮವಾರ ಬಂತು. ನಾಳೆ ಟ್ರ್ಯಾಕ್ಟರ್ ಬರುವ ದಿನ.

ಚಿಕ್ಕಮಾದಪ್ಪ ಜಗುಲಿಯ ಮೇಲೆ ಟವೆಲ್ ಹೊದ್ದು ಕುಳಿತಿದ್ದ. ಪದ್ಮಿನಿ ಬಂದ ಕೂಡಲೇ, "ನೋಡ್ದೆ ಕಣವ್ವ ನಿನ್ ಆಫ್ರಿಕಾ ಬೂದಿಯ" ಎಂದ. "ಆಕ್ದೆ. ಏನೂ ಆಗ್ನಿಲ್ಲ. ಮಾದಪ್ಪನೇ ಬ್ಯಾಡ ಅಂದ್ಮೇಲೆ ಯಾರ್ ಏನ್ ಮಾಡಾರು? ನಟರಾಜು ನಾಳೆ ಬತ್ತನ. ಆಯ್ತು, ರಂಗಿ ಬೆಳೆ ಮಣ್ಣಿಗೋಯ್ತು."

ಒಳಗೆ ಅಕ್ಕಿ ಆರಿಸುತ್ತಿದ್ದ ದೀಪ ಮೊರ ಕೆಳಗಿಟ್ಟಳು.

ಪದ್ಮಿನಿ ಹೊಲಕ್ಕೆ ಹೋಗಿ, ಪೈರಿನ ಚಿತ್ರ ತೆಗೆದು ಮರ್ಸಿಗೆ ಕಳುಹಿಸಿದಳು. ಅವಳು ಜಗುಲಿಗೆ ಮರಳಿದ ಸ್ವಲ್ಪ ಹೊತ್ತಿಗೆ ಮರ್ಸಿಯೇ ವಿಡಿಯೋ ಕರೆ ಮಾಡಿದಳು. ಅವರ ದೇಶದಲ್ಲಿ ಆಗ ಕೊಯ್ಲು ಮುಗಿದ ಕಾಲ. ಹಳ್ಳದ ಪಕ್ಕದ ಕೈತೋಟದಲ್ಲಿ ಮಾತ್ರ ನಾಲ್ಕು ಸಾಲು ಎಳೆ ಜೋಳ ಇತ್ತು. ಅವಳು ಕೈಯಾಡಿಸುತ್ತ ಏನೋ ಕೇಳಿದಳು. ಫೋನು ಹೇಳಿತು:

"ಹಿರಿಯರೇ, ಬೂದಿ ಎಲೆಯ ಮೇಲೆ ಕಾಣುತ್ತಿದೆ. ಗಿಡದ ಗಂಟಲಿನಲ್ಲಿ ಕಾಣುತ್ತಿಲ್ಲ. ನೀವು ಹೇಗೆ ಹಾಕಿದಿರಿ?"

ಚಿಕ್ಕಮಾದಪ್ಪ ತನ್ನ ಮಾತಿನಲ್ಲೇ ಹೇಳಿದ. ಫೋನಿಗೆ ಅವನ ಕನ್ನಡ ತಿಳಿಯದೆ ತೆಪ್ಪಗಾಯಿತು. "ಪಟ್ಟಣದ್ ಫೋನು ಕಣವ್ವ, ನಮ್ ಮಾತು ಅದ್ಕೆಲ್ಲಿ ತಿಳೀತದ" ಎಂದು ಅವನೇ ಪದ್ಮಿನಿಗೆ ಹೇಳಿದ. ಪದ್ಮಿನಿ ಪುಸ್ತಕದ ಕನ್ನಡದಲ್ಲಿ ಬಿಡಿಸಿ ಹೇಳಿದಳು: ನಾಲ್ಕು ಮೂಲೆ, ಬೆಟ್ಟದ ದಿಕ್ಕು, ದೇವರ ಹೆಸರು, ಎರಚಿದ್ದು, ಎಲ್ಲವನ್ನೂ.

ಮರ್ಸಿ ನಗುವಳೋ ಏನೋ ಎಂದು ಮುದುಕ ಮುಖ ತಿರುಗಿಸಿದ. ಅವಳು ನಗಲಿಲ್ಲ.

"ನಾನೂ ಬಿತ್ತುವ ದಿನ ಪ್ರಾರ್ಥನೆ ಮಾಡುತ್ತೇನೆ. ಅದನ್ನು ಬಿಡಬೇಡಿರಿ. ಆದರೆ ಹುಳು ಹೊಲದ ಮೂಲೆಯಲ್ಲಿ ಇಲ್ಲ. ಅದು ಒಂದೊಂದು ಗಿಡದ ಒಳಗೆ ಇದೆ. ಬೂದಿಯೂ ಅಲ್ಲಿಗೇ ಹೋಗಬೇಕು. ನೋಡಿರಿ."

ಅವಳು ಒಂದು ಖಾಲಿ ನೀರಿನ ಬಾಟಲಿ ತೋರಿಸಿದಳು. ಮುಚ್ಚಳಕ್ಕೆ ಮೊಳೆಯಿಂದ ತೂತುಗಳನ್ನು ಮಾಡಿದ್ದಳು. ಒಳಗೆ ಬೂದಿ ಬೆರೆತ ಮರಳು. ಬಾಗಿ, ಎಡಗೈಯಲ್ಲಿ ಎಲೆಗಳನ್ನು ಕೂಡಿಸಿ ಹಿಡಿದು, ಸುಳಿಯ ಬಾಯಿಗೆ ಬಾಟಲಿಯನ್ನು ಬಗ್ಗಿಸಿ ಒಂದು ಸಲ ಕೊಡವಿದಳು. ಮುಂದಿನ ಗಿಡಕ್ಕೆ ಹೋದಳು, ಮತ್ತೆ ಕೊಡವಿದಳು. "ಒಂದು ಚಿಟಿಕೆ ಸಾಕು. ಹೆಚ್ಚು ಹಾಕಿದರೆ ಸುಳಿಯೇ ಬಾಡುತ್ತದೆ" ಎಂದಿತು ಫೋನು.

ಚಿಕ್ಕಮಾದಪ್ಪ ಫೋನನ್ನು ಕಣ್ಣಿನ ಹತ್ತಿರಕ್ಕೆ ಹಿಡಿದುಕೊಂಡ. ಆ ಹೆಂಗಸು ಬಾಗುವುದು, ಒಂದು ಹೆಜ್ಜೆ ಇಡುವುದು, ಮತ್ತೆ ಬಾಗುವುದು. ಸೀರೆಯಂತೆ ಸುತ್ತಿದ ಬಟ್ಟೆಯ ತುದಿಯನ್ನು ಅವಳು ಸೊಂಟಕ್ಕೆ ಸಿಕ್ಕಿಸಿದ್ದಳು. ರಂಗಮ್ಮ ಬೀಜ ಹಾಕುವಾಗಲೂ ಹಾಗೆಯೇ ಬಾಗುತ್ತಿದ್ದಳು, ಗಿಡದಿಂದ ಗಿಡಕ್ಕೆ, ಒಂದನ್ನೂ ಬಿಡದೆ.

"ಒಂದೊಂದ್ ಕಾಳ್ನೂ ಬುಡ್ದೆ ಆಕಿದ್ಲು ಅವ್ಳು" ಎಂದ ಅವನು ಮೆಲ್ಲಗೆ. "ನಾನು ಬದುವಿನ್ ಮೇಲ್ ನಿಂತ್ಕಂಡು ಎರಚ್ಬುಟ್ಟೆ."

ಆಮೇಲೆ ಟವೆಲ್ ಕೊಡವಿ ಎದ್ದ.

ಆದರೆ ಬೂದಿ ಎಲ್ಲಿದೆ? ಊರಿಗೆಲ್ಲ ಗ್ಯಾಸ್ ಬಂದಿತ್ತು. ಇರುವುದೆಲ್ಲ ಬಚ್ಚಲಿನ ನೀರೊಲೆಯ ಬೂದಿ, ಮನೆಗೆ ಒಂದೆರಡು ಮೊರ. "ನಾ ಓಗಿ ಕೇಳ್ಲಾ ಮಾವ?" ಎಂದಳು ದೀಪ. ಅವನು ಬೇಡವೆಂದು, ಗೋಡೆಯ ಗೂಟದಲ್ಲಿದ್ದ ಜೋಳಿಗೆಯನ್ನು ತೆಗೆದುಕೊಂಡ. ವರ್ಷಕ್ಕೊಮ್ಮೆ ಬೆಟ್ಟಕ್ಕೆ ಹೊರಡುವ ಮೊದಲು ಆ ಮನೆತನದವರು ಊರಲ್ಲಿ ಭಿಕ್ಷೆ ಎತ್ತುತ್ತಿದ್ದ ಜೋಳಿಗೆ ಅದು. ಮಾದಪ್ಪನ ಹೆಸರಿನಲ್ಲಿ ಕೈಚಾಚುವುದಕ್ಕೆ ಅವನಿಗೆ ನಾಚಿಕೆಯಿರಲಿಲ್ಲ.

ಮೊದಲ ಮನೆಯ ದೊಡ್ಡಮಾದಮ್ಮ ಸೊಂಟಕ್ಕೆ ಕೈಕೊಟ್ಟು ನಿಂತಳು. "ಇದೇನಪ್ಪ ಚಿಕ್ಕಮಾದಪ್ಪ, ಕಾಲ ಕೆಟ್ಟೋಯ್ತಾ? ರಾಗಿ ಬುಟ್ಟು ಬೂದಿ ಬಿಕ್ಸೆ ಎತ್ತಕ್ ಬಂದಿದ್ದೈ!"

"ಆಕವ್ವ ತಾಯಿ. ನೀನ್ ರಾಗಿ ಆಕ್ವಾಗ್ಲೂ ಅರ್ಧ ಬೂದಿನೇ ಇರದು."

ಬೀದಿಯಲ್ಲಿ ನಗೆ ಎದ್ದಿತು. ದೊಡ್ಡಮಾದಮ್ಮ ಬಯ್ಯುತ್ತಲೇ ಮಂಕರಿ ತುಂಬ ಬೂದಿ ತಂದು ಸುರಿದಳು. ಯಾಕೆಂದು ತಿಳಿದ ಮೇಲೆ, "ರಂಗಿ ಆಕಿದ್ ಜೋಳವಾ?" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡು, "ನಾಳೆ ಮುಯ್ಯಾಳು ಬತ್ತೀನಿ ಕಣಪ್ಪ" ಎಂದಳು. ಇವರ ಹೊಲಕ್ಕೆ ಅವರು, ಅವರ ಹೊಲಕ್ಕೆ ಇವರು ಕೂಲಿಯಿಲ್ಲದೆ ದುಡಿಯುವ ಪದ್ಧತಿ ಆ ಊರಲ್ಲಿ ಇನ್ನೂ ಉಳಿದಿತ್ತು.

ಮಂಗಳವಾರ ಬೆಳಿಗ್ಗೆ ನಟರಾಜು ಟ್ರ್ಯಾಕ್ಟರ್ ತಂದಾಗ ಹೊಲದ ತುಂಬ ಹೆಂಗಸರು. ಎಲ್ಲರ ಕೈಯಲ್ಲೂ ತೂತಿನ ಬಾಟಲಿ. ದೊಡ್ಡ ಹುಳು ಸಿಕ್ಕಿದರೆ ಸೋಪಿನ ನೀರಿನ ಬಕೆಟ್ಟಿಗೆ ಹಾಕುತ್ತಿದ್ದರು.

"ಏನ್ ದೊಡ್ಡಪ್ಪ, ಜೋಳಕ್ಕ ಪೌಡ್ರು ಬಳ್ದು ಮದ್ವೆಗ ಕರ್ಕಂಡ್ ಓಗಿಯಾ?"

"ಇಳಿಯಲೇ ಕೆಳಕ್ಕ. ಬಾಟ್ಲಿ ಇಡ್ಕ. ನಿನ್ ಟ್ರಾಕ್ಟ್ರು ಅಲ್ಲೇ ಮೇಯ್ತಾ ಇರ್ಲಿ."

ನಟರಾಜು ಗೊಣಗುತ್ತ ಇಳಿದ. ಮಧ್ಯಾಹ್ನದ ಹೊತ್ತಿಗೆ ಅವನೇ ಎಲ್ಲರಿಗಿಂತ ಮುಂದಿನ ಸಾಲಿನಲ್ಲಿದ್ದ. ಮಾರನೆಯ ದಿನವೂ ಕೆಲಸ ಸಾಗಿತು. ನಡುವೆ ಒಂದು ಮಳೆ ಬಂದು ಬೂದಿ ತೊಳೆದುಹೋದಾಗ ಮತ್ತೊಮ್ಮೆ ಹಾಕಿದರು. ದೀಪ ದಿನವೂ ಎಲೆ ಮಗುಚಿ ಮೊಟ್ಟೆ ಹುಡುಕಿದಳು.

ಒಂದು ಬೆಳಿಗ್ಗೆ ಚಿಕ್ಕಮಾದಪ್ಪ ಹೊಲದಲ್ಲಿ ಒಬ್ಬನೇ ನಿಂತಿದ್ದ. ಹಳೆಯ ಎಲೆಗಳು ಜರಡಿಯಾಗಿಯೇ ಇದ್ದವು. ಅವುಗಳ ನಡುವಿನಿಂದ ಹೊಸ ಎಲೆ ಬಂದಿತ್ತು. ಅದರಲ್ಲಿ ತೂತಿಲ್ಲ. ಪಕ್ಕದ ಗಿಡ ನೋಡಿದ, ಅದರಲ್ಲೂ ಇಲ್ಲ. ಅಲ್ಲೊಂದು ಇಲ್ಲೊಂದು ಸುಳಿಯಲ್ಲಿ ಹುಳು ಉಳಿದಿತ್ತು. ಹೊಲವನ್ನು ಕೊಲ್ಲುವಷ್ಟು ಇರಲಿಲ್ಲ. ಅವನು ಸಾಲಿನ ನಡುವೆ ಹಾಗೆಯೇ ಕುಳಿತುಬಿಟ್ಟ. ಯಾರೂ ಇಲ್ಲದ ಕಡೆ ಮನಸ್ಸು ಬಂದಷ್ಟು ಅತ್ತು, ಮುಖ ಒರೆಸಿಕೊಂಡು ಎದ್ದ.

ಆ ಸಂಜೆ ಅವನೇ ಪದ್ಮಿನಿಯ ಮನೆ ಬಾಗಿಲಿಗೆ ಹೋದ. "ಆ ನಮ್ಮವ್ವನ ಕರಿ. ಒಂದ್ ಮಾತು ಏಳ್ಬೇಕು."

ಮರ್ಸಿ ಹೊಸ ಎಲೆ ನೋಡಿ ಚಪ್ಪಾಳೆ ತಟ್ಟಿದಳು. ಆಮೇಲೆ ತನ್ನ ಕಷ್ಟ ಹೇಳಿಕೊಂಡಳು: ಕೊಯ್ದು ತುಂಬಿಟ್ಟ ಜೋಳಕ್ಕೆ ಮೂತಿ ಹುಳು ಬಿದ್ದು ಕಾಳು ಪುಡಿಯಾಗುತ್ತಿದೆ, ನಿಮ್ಮಲ್ಲಿ ಏನು ಮಾಡುತ್ತೀರಿ?

ಚಿಕ್ಕಮಾದಪ್ಪ ಫೋನಿನ ಹತ್ತಿರಕ್ಕೆ ಸರಿದು ಕುಳಿತ. ತನ್ನನ್ನು ಯಾರೋ ಕೇಳುತ್ತಿದ್ದಾರೆ, ಸಮುದ್ರದ ಆಚೆಯಿಂದ.

"ಅದು ನನ್ ಹೆಂಡ್ರು ಮಾಡ್ತಿದ್ ಕೆಲ್ಸ ಕಣವ್ವ. ಏಳ್ತೀನಿ. ಕಾಳ ಹಲ್ಲಲ್ ಕಡುದ್ರೆ ಕಟಕ್ ಅನ್ಬೇಕು, ಅಲ್ಲಿಗಂಟ ಒಣುಗ್ಸು. ಬ್ಯಾವಿನ್ ಸೊಪ್ಪ ನೆಳ್ಳಲ್ಲಿ ಒಣುಗ್ಸು, ಬಿಸುಲ್ಗಾಕ್ಬ್ಯಾಡ. ಕಾಳು ಒಂದ್ ಪದ್ರ, ಸೊಪ್ಪು ಒಂದ್ ಪದ್ರ. ಚೀಲವ ಗ್ವಾಡೆಗ ತಾಗ್ಸ್ಬ್ಯಾಡ, ತೇವ ಇಡೀತದೆ. ತಿಂಗ್ಳಿಗೊಂದ್ಸಲ ಬಿಚ್ಚಿ ನೋಡು."

ಪದ್ಮಿನಿ ಬಿಡಿಸಿ ಹೇಳಿದಳು. ಬೇವಿನ ಎಲೆ ತೋರಿಸಿದಾಗ ಮರ್ಸಿ, "ಈ ಮರ ನಮ್ಮ ಚರ್ಚಿನ ಅಂಗಳದಲ್ಲೇ ಇದೆ!" ಎಂದು ಕೂಗಿದಳು. ಮತ್ತೆ ಕೇಳಿದಳು: "ಹಿರಿಯರೇ, ನಿಮ್ಮ ಹೆಂಡತಿಯ ಹೆಸರೇನು?"

"ರಂಗಮ್ಮ."

ಈ ಒಂದು ಮಾತನ್ನು ಫೋನು ತಿರುಗಿಸಬೇಕಾಗಲಿಲ್ಲ. ಮರ್ಸಿ ಎರಡು ಸಲ ಹೇಳಿ ನೋಡಿ, ಮೂರನೆಯ ಸಲಕ್ಕೆ ಸರಿಯಾಗಿ ಹೇಳಿದಳು.

ಜೋಳ ತೆನೆಗಟ್ಟಿತು. ಊರವರ ಕಣ್ಣಿಗೆ ತುಸು ಕಡಿಮೆಯೇ, ಆದರೆ ಬೆಳೆ ಎನ್ನಿಸುವಂಥ ಬೆಳೆ. ಚಿಕ್ಕಮಾದಪ್ಪ ಮೊದಲ ತೆನೆಗಳನ್ನು ಅದೇ ಜೋಳಿಗೆಯಲ್ಲಿ ಕಟ್ಟಿಕೊಂಡು, ಮಗ ಸೊಸೆಯೊಡನೆ ಬೆಟ್ಟದ ಬಸ್ಸು ಹತ್ತಿದ. ಪಕ್ಕದಲ್ಲಿ ಇರಬೇಕಾದವಳು ಇರಲಿಲ್ಲ. ಅವಳ ಮಾತು ಉಳಿಯಿತು. ಗುಡಿಯಲ್ಲಿ ತೆನೆ ಒಪ್ಪಿಸಿ ಹೊರಗೆ ಬಂದಾಗ ದೀಪಳ ಫೋನಿಗೆ ಪದ್ಮಿನಿ ಕಳುಹಿಸಿದ ಒಂದು ಚಿತ್ರ ಬಂದಿತ್ತು. ಮರ್ಸಿಯ ಉಗ್ರಾಣ. ಗೋಡೆಯಿಂದ ದೂರ ಇಟ್ಟ ಚೀಲಗಳು, ಬಾಯಿ ಬಿಚ್ಚಿದ ಒಂದು ಚೀಲದಲ್ಲಿ ಕಾಳಿನ ಮೇಲೆ ಒಣ ಬೇವಿನ ಎಲೆ. ಕೆಳಗೆ ಒಂದು ಸಾಲು: "ನಮ್ಮ ಊರಿನ ಹೆಂಗಸರೆಲ್ಲ ಈಗ ಇದನ್ನು ರಂಗಮ್ಮನ ಎಲೆ ಎನ್ನುತ್ತಾರೆ."

ದೀಪ ಅದನ್ನು ಓದಿ ಹೇಳಿದಳು. ಚಿಕ್ಕಮಾದಪ್ಪ ಇನ್ನೊಂದು ಸಲ ಓದಿಸಿದ. ಆಮೇಲೆ ಗುಡಿಯ ಕಡೆಗೆ ತಿರುಗಿ ಕೈಮುಗಿದ.

ಓದುವ, ಕೇಳುವ ರೈತ ಬಂಧುಗಳೇ, ಅಕ್ಕತಂಗಿಯರೇ, ನಿಮ್ಮ ಹೊಲದ ಕಷ್ಟವನ್ನು ಬದುವಿನೊಳಗೇ ಇಟ್ಟುಕೊಂಡು ಕೊರಗಬೇಡಿ. ನಿಮಗೆ ಇಂದು ಬಂದ ಹುಳುವನ್ನು ನಿನ್ನೆಯೇ ಕಂಡವರು ಈ ಲೋಕದಲ್ಲಿ ಎಲ್ಲೋ ಇದ್ದಾರೆ. ನಿಮ್ಮ ಕೃಷಿ ಸಖಿಯನ್ನೋ ಸಂಘದವರನ್ನೋ ಕೇಳಿ ಇಂಥ ಗುಂಪಿಗೆ ಸೇರಿರಿ. ಬರೆಯಲು ಬಾರದಿದ್ದರೆ ಮಾತಾಡಿ, ಚಿತ್ರ ಕಳುಹಿಸಿ. ಕೇಳಿದ್ದನ್ನೆಲ್ಲ ಕಣ್ಣುಮುಚ್ಚಿ ಮಾಡಬೇಡಿ. ಮೊದಲು ನಿಮ್ಮ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ, ಆಮೇಲೆ ಹೇಗೆ ಹೇಳಿದರೋ ಹಾಗೆಯೇ ಮಾಡಿ. ಸರಿಹೋಗದಿದ್ದರೆ ಮತ್ತೆ ಕೇಳಿ, ಅದರಲ್ಲಿ ನಾಚಿಕೆಯಿಲ್ಲ. ಹಣವನ್ನೋ ಓಟಿಪಿಯನ್ನೋ ಕೇಳಿದವರಿಗೆ ಮಾತ್ರ ಉತ್ತರ ಕೊಡಬೇಡಿ. ತೆಗೆದುಕೊಂಡ ಮೇಲೆ ಕೊಡುವುದನ್ನು ಮರೆಯಬೇಡಿ. ನಿಮ್ಮ ತಾಯಿ, ನಿಮ್ಮ ಹೆಂಡತಿ, ನಿಮ್ಮ ಅಜ್ಜ ಮಾಡುತ್ತಿದ್ದ ಒಂದು ಕೆಲಸ ಯಾವುದೋ ದೂರದ ಉಗ್ರಾಣವನ್ನು ಉಳಿಸೀತು.

ನಾಳೆ ಬೆಳಿಗ್ಗೆ ಹೊಲಕ್ಕೆ ಹೋದಾಗ ಒಂದು ಸುಳಿಯನ್ನು ಬಿಡಿಸಿ ನೋಡಿ. ಕಂಡದ್ದನ್ನು ಯಾರಿಗಾದರೂ ತೋರಿಸಿ.